ಪಕ್ಕದ ಮನೆಗೆ ಕೊಟ್ಟ ಬೆಂಕಿ

"ಗುರುಗಳೇ, ಅಕ್ಕಪಕ್ಕದವರ ಒಂದು ಕಡ್ಡಿನೂ ಇಟ್ಕೊಂಡೋನಲ್ಲ ನಾನು. ಕೊಟ್ಟಿದ್ದನ್ನ ಕೊಟ್ಟ ಹಾಗೇ ವಾಪಸ್ ಮಾಡಿದೀನಿ. ನೆರೆಯವನಾಗಿ ಅಷ್ಟು ಸಾಲ್ದಾ?" ಅಂತ ಶಿಷ್ಯ ಕೇಳಿದ.

ಗುರುಗಳು ಹೇಳಿದ್ರು:

ಸಮುದ್ರದಾಚೆ ಐರ್ಲೆಂಡ್ ಅಂತ ಒಂದು ದೇಶ. ಅಲ್ಲಿ ಬಡವರಿಗೆ ಮೂರು ಹೊತ್ತೂ ಆಲೂಗಡ್ಡೆ. ನಿಮ್ಮ ಮುತ್ತಜ್ಜನ ಅಜ್ಜನ ಕಾಲದಲ್ಲಿ ಅದಕ್ಕೆ ರೋಗ ಬಂತು, ನೆಲದಲ್ಲೇ ಕೊಳೀತು. ಜನ ಸಾಯೋಕೆ ಶುರು ಮಾಡಿದ್ರು. ಒಬ್ಬ ಜಮೀನ್ದಾರ, "ಅಮೆರಿಕಕ್ಕೆ ಹೋಗಿ, ಹಡಗಿನ ಟಿಕೇಟು ನಾನು ಕೊಡ್ತೀನಿ. ಮೊದಲು ನಿಮ್ಮ ಗುಡಿಸಲು ನೀವೇ ಕಿತ್ತು ಹಾಕಿ" ಅಂದ. ಜನ ಅವನನ್ನ ಧರ್ಮಾತ್ಮ ಅಂತ ಹೊಗಳಿದ್ರು. ಅವನಿಗೆ ಬೇಕಾಗಿದ್ದು ಕುರಿ ಮೇಯಿಸೋಕೆ ಜಾಗ.

ಆ ಸೀಮೇಲಿ ಒಲೆ ಬೆಂಕಿ ಆರೋಕೆ ಬಿಡ್ತಿರಲಿಲ್ಲ. ತಾತನ ಕಾಲದ್ದು ಮೊಮ್ಮಗನ ಕಾಲಕ್ಕೂ ಉರೀಬೇಕು. ಹಡಗು ಹತ್ತೋರು ಕೆಂಡಾನ ಪಕ್ಕದ ಮನೆ ಒಲೆಗೆ ಹಾಕಿ ಹೋಗೋರು. ವಾಪಸ್ ಬಂದಾಗ ಇಸ್ಕೊಳ್ಳೋಕೆ. ಯಾರೂ ಬರ್ತಿರಲಿಲ್ಲ, ಆ ಮಾತು ಬೇರೆ.

ಒಬ್ಬ ಮುದುಕಿ, ಅವಳ ಮಗ, ಸೊಸೆ ಸೇರಿ ಸೂರು ಕಿತ್ತು ಹಾಕಿ, ಮೊಮ್ಮಕ್ಕಳನ್ನ ಕಟ್ಕೊಂಡು ಹೊರಡೋಕೆ ನಿಂತ್ರು. ಮುದುಕಿ ಕೆಂಡ ತಗೊಂಡು ಪಕ್ಕದ ಮನೆಗೆ ಹೋದಳು.

"ಆರಿಸಿಬಿಟ್ಟೀಯ, ಜೋಕೆ. ನಿನ್ನ ಒಲೆಗಿಂತ ನಿನ್ನ ಬಾಯೇ ಜಾಸ್ತಿ ಉರಿಯೋದು."

"ಹೋಗಕ್ಕಾ! ನಿನ್ನ ಬೆಂಕಿ ನನ್ನ ಬೆಂಕಿ ಬೇರೇನಾ? ನೀನು ಅಲ್ಲಿ ತಿಂದುಂಡು ದಪ್ಪ ಆಗು" ಅಂದಳು ಪಕ್ಕದ ಮನೆಯವಳು.

ಬಂದರಿನಲ್ಲಿ ಡಾಕ್ಟರು ಎಲ್ಲರ ನಾಲಗೆ ನೋಡಿದ. ಮುದುಕಿಗೆ ಜ್ವರ ಅಂತ ದಡದಲ್ಲೇ ನಿಲ್ಲಿಸಿದ. ಹಡಗು ಹತ್ತಿದ್ದ ಮಗ ಇಳಿಯೋಕೆ ಬಂದ. "ಮಕ್ಕಳನ್ನ ಸಾಯಿಸ್ತೀಯೇನೋ? ಹೋಗು" ಅಂತ ಮುದುಕಿನೇ ಬೈದು ಕಳಿಸಿದಳು. ಆಮೇಲೆ ಮೂರು ದಿನ ನಡೆದು ಊರಿಗೆ ಬಂದಳು.

ಅಷ್ಟರಲ್ಲಿ ಜಮೀನ್ದಾರನ ಆಳು ಊರಿಗೆಲ್ಲ ಹೇಳಿ ಹೋಗಿದ್ದ. ಬಿಟ್ಟು ಹೋದವರನ್ನ ಯಾರು ಮನೆಗೆ ಸೇರಿಸ್ತಾರೋ ಅವರ ಸೂರೂ ಕೀಳಿಸ್ತೀನಿ ಅಂತ.

ಪಕ್ಕದ ಮನೆಯವಳು ಅರ್ಧ ಬಾಗಿಲು ತೆಗೆದಳು. "ಅಯ್ಯೋ ಅಕ್ಕಾ, ಒಳಗೆ ಕರೆಯೋ ಹಾಗಿಲ್ವಲ್ಲ. ನನಗೂ ಮಕ್ಕಳಿದಾವೆ."

"ಒಳಗೆ ಕರೀ ಅಂದ್ನೇನೇ? ನನ್ನ ಬೆಂಕಿ ಕೊಡು."

ಅವಳು ಒಳ್ಳೊಳ್ಳೆ ಕೆಂಡ ಆಯ್ದು ಮಡಕೆ ತುಂಬಾ ಕೊಟ್ಟಳು. ಮುದುಕಿ ಸೂರಿಲ್ಲದ ಗೋಡೆ ನಡುವೆ ಹಳೇ ಒಲೆಗೆ ಹಾಕ್ಕೊಂಡು ಕೂತಳು. ಮಳೆ ಹನಿ ಶುರುವಾಯ್ತು. ಮೂರನೇ ದಿನ ಜನ ನೋಡಿದಾಗ ಮುದುಕಿನೂ ತಣ್ಣಗೆ, ಬೂದಿನೂ ತಣ್ಣಗೆ.

ಪಕ್ಕದ ಮನೆಯವಳು ಕಂಡೋರಿಗೆಲ್ಲ ಹೇಳ್ಕೊಂಡು ಓಡಾಡಿದಳು, "ಅವಳದ್ದೊಂದು ಕೆಂಡಾನೂ ನಾನು ಇಟ್ಕೊಳ್ಳಲಿಲ್ಲಪ್ಪ. ಎರಡು ಜಾಸ್ತಿನೇ ಹಾಕಿ ಕೊಟ್ಟೆ."

ಶಿಷ್ಯ ತಡೀಲಾರದೆ ಕೇಳಿದ, "ಸರಿಯಾಗೇ ಹೇಳಿದಳಲ್ಲ ಗುರುಗಳೇ. ಅವಳದೇನು ತಪ್ಪು?"

"ತಪ್ಪೇನಿಲ್ಲ ಕಣಪ್ಪಾ, ಮುದುಕಿ ಬೆಂಕಿಗೆ ಜಾಗ ಇದ್ದ ಒಲೆ ಮುಂದೆ ಮುದುಕಿಗೆ ಜಾಗ ಇರಲಿಲ್ಲ, ಅಷ್ಟೇ."