ಜೇನು ಬಿಟ್ಟುಹೋದ ಗುಡ್ಡ

ಯುಕಾತಾನ್ ಸೀಮೆಯ ಸಾನ್ ಬೆನಿತೋ ಊರಿನಲ್ಲಿ ಮನೆ, ಮಠ, ಅಂಗಡಿ, ಎಲ್ಲಕ್ಕೂ ಅರಿಸಿನದ ಬಣ್ಣ; ಬಾಗಿಲುಗಳಿಗೆ ಮಾತ್ರ ನೀಲಿ, ಕೆಂಪು. ಸ್ಪೇನಿನವರು ಹಾಕಿದ ಈ ಚಂದದ ಬೀದಿಗಳ ಕೊನೆಗೆ ಮಾಯಾ ಜನರ ಹಳೆಯ ಗುಡಿಯೊಂದು ಅರ್ಧ ಕಳಚಿ ಗುಡ್ಡವಾಗಿ ಬಿದ್ದಿದೆ. ನೆತ್ತಿಯಲ್ಲಿ ಜೇನಿಗೆಂದು ಇಟ್ಟ ಪೊಳ್ಳು ಮರದ ತುಂಡೊಂದಿದೆ. ಒಳಗೆ ಒಂದು ಹುಳವೂ ಇಲ್ಲ. ಬಿಸಿಲಲ್ಲಿ ಏದುಸಿರು ಬಿಡುತ್ತ ಹತ್ತಿದವರು, "ಇದನ್ನು ನೋಡೋಕೆ ಇಷ್ಟು ಹತ್ತಿದೆವಾ!" ಎಂದು ಗೊಣಗುತ್ತಾರೆ. ಗೊಣಗಲಿ ಬಿಡಿ, ನಿಕ್ತೆ ಪಟ್ಟ ಸಂಕಟದ ಮುಂದೆ ಅದೇನು ಮಹಾ!

ಹಿಂದೆ ಒಮ್ಮೆ, ಪಾದ್ರಿಗಳು ಮಠ ಕಟ್ಟಿಸುತ್ತಿದ್ದ ಕಾಲದಲ್ಲಿ, ನಿಕ್ತೆ ಆ ಊರಿನ ಸೂಲಗಿತ್ತಿಯಾಗಿದ್ದಳು ಎನ್ನುತ್ತಾರೆ. ಗುಡಿಯ ನೆತ್ತಿಯ ಕಲ್ಲೊಂದರ ಪೊಟರೆಯಲ್ಲಿ ಕುಟುಕದ ಜೇನು ಗೂಡು ಕಟ್ಟಿತ್ತು, ನಮ್ಮ ಕಡೆ ಮುಜಂಟಿ ಎನ್ನುವಂಥದ್ದು. ಹುಟ್ಟಿದ ಕೂಸಿನ ತುಟಿಗೆ ಮೊದಲು ಆ ಜೇನುತುಪ್ಪವನ್ನೇ ಸವರಬೇಕು. ಅದು ಅಲ್ಲಿನ ವಾಡಿಕೆ. ಆಗ ನಿಕ್ತೆಯ ಮಗಳೇ ತುಂಬು ಬಸುರಿ. ಅಷ್ಟರಲ್ಲಿ ಪಾದ್ರಿ ಬೆರ್ನಾಲನ ಆಳುಗಳು ಮಠಕ್ಕೆ ಕಲ್ಲು ಬೇಕೆಂದು ಗುಡಿಯ ನೆತ್ತಿಗೇ ಹಾರೆ ಹಾಕಿದರು.

"ಆ ಒಂದು ಕಲ್ಲು ಬಿಡಿ ಸ್ವಾಮಿ, ನನ್ನ ಮೊಮ್ಮಗುವಿನ ತುಪ್ಪ ಅದರೊಳಗಿದೆ," ಎಂದು ಬೇಡಿದಳು.

"ಕಲ್ಲು ಎಲ್ಲಿದ್ದರೂ ಕಲ್ಲೇ, ಹೋಗಮ್ಮ," ಎಂದ ಪಾದ್ರಿ. ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಫಲ! ಆ ಕಲ್ಲನ್ನೇ ಮಠದ ಎತ್ತರದ ಕಮಾನಿಗೆ ನಡುಗಲ್ಲಾಗಿ ಕೂರಿಸಿ, ಸುತ್ತ ಗಾರೆ ಮೆತ್ತಿಬಿಟ್ಟರು.

ಹುಳಗಳು ಕಲ್ಲಿನ ಹಿಂದೆಯೇ ಹೋದವು. ಗಾರೆಯಲ್ಲಿ ಸಣ್ಣ ಬಿರುಕು ಹುಡುಕಿ ಒಳಹೊಕ್ಕವು. ಪ್ರಾರ್ಥನೆಗೆ ನಿಂತರೆ ಸಾಕು, ಪಾದ್ರಿಯ ಗಡ್ಡ, ಕಿವಿ, ಮೂಗು, ಎಲ್ಲೆಲ್ಲೂ ಅವೇ! ಕೊನೆಗೆ ಅವನೇ ನಿಕ್ತೆಯ ಬಾಗಿಲಿಗೆ ಬಂದು, "ನಿನ್ನ ಹುಳ ಕರೆದುಕೊಂಡು ಹೋಗು ತಾಯಿ," ಎಂದ.

"ಕಲ್ಲು ಕೊಡಿ."

"ತೆಗೆದರೆ ಕಮಾನೇ ಬೀಳುತ್ತದಂತೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು! ನಿಕ್ತೆಗೆ ಮೈಯೆಲ್ಲ ಉರಿದುಹೋಯಿತು. ಆದರೂ ಪೊಳ್ಳು ಮರಕ್ಕೆ ಮೇಣ ಸವರಿ ಗುಡ್ಡದ ಮೇಲಿಟ್ಟು ದಿನವೂ ಕಾದಳು. ಹುಳಗಳು ಅಲ್ಲಿನ ಹೂವಿಗೆ ಬರುತ್ತಿದ್ದವು, ಅವಳ ಕಣ್ಣೆದುರೇ ಕಮಾನಿಗೆ ಮರಳುತ್ತಿದ್ದವು. ಮಗಳು ಹೆತ್ತಳು. ಸುತ್ತ ನಿಂತ ಹೆಂಗಸರು ತುಪ್ಪಕ್ಕೆ ಕಾಯುತ್ತಿರಲು, ನಿಕ್ತೆ ಬರಿಯ ಬೆರಳನ್ನೇ ಕೂಸಿನ ತುಟಿಗೆ ಒತ್ತಿ, ತಡೆಯಲಾರದೆ ಅತ್ತುಬಿಟ್ಟಳಂತೆ. ಗುಡ್ಡಕ್ಕೆ ‘ಜೇನು ಬಿಟ್ಟುಹೋದ ಗುಡ್ಡ’ ಎಂಬ ಹೆಸರು ಬಿದ್ದದ್ದು ಅಂದಿನಿಂದ.

ಈಗಲೂ ಮಠದ ಕಮಾನಿನ ಬಿರುಕಿನಲ್ಲಿ ಜೇನು ಬಂದುಹೋಗುವುದು ಕಾಣುತ್ತದೆ. ಆ ಊರಿನ ಬಾಣಂತಿಯರು ಕೂಸನ್ನೆತ್ತಿಕೊಂಡು ಗುಡ್ಡ ಹತ್ತಿ, ಮರದ ಗೂಡಿನೊಳಗೆ ಇಣುಕುತ್ತಾರೆ. "ಇನ್ನೂ ಬರಲಿಲ್ಲವಲ್ಲ!" ಎಂದು ಬೈದುಕೊಂಡು, ಬರಿಬೆರಳನ್ನು ಕೂಸಿನ ತುಟಿಗೆ ತಾಕಿಸುತ್ತಾರೆ. ಕೂಸು ಅದನ್ನೇ ಚಪ್ಪರಿಸುತ್ತದೆ.