ಚೂಪಯ್ಯ ಕೂತ ಖಾಲಿ ಜಾಗ

ಬನ್ನಿ ಮಕ್ಕಳೇ, ಗದ್ದಲ ಮಾಡದೆ ಕೂತುಕೊಳ್ಳಿ. ಎಲ್ಲಿ ಕೂರುತ್ತೀರಿ ಅನ್ನುವುದನ್ನು ಮಾತ್ರ ಒಂದು ಸಲ ನೋಡಿ ಕೂರಿ. ಯಾಕೆಂದು ಆಮೇಲೆ ಗೊತ್ತಾಗುತ್ತದೆ.

ನೀರಗುಂಡಿ ಎಂಬ ಕಾಡಿನ ನಡುವೆ ಒಂದು ಕೆರೆ ಇತ್ತು. ಕೆರೆಯ ಸುತ್ತ ಮೊಲ, ಕಾಡುಹಂದಿ, ನವಿಲು, ಕಪ್ಪೆ ಎಲ್ಲರೂ ನೆರೆಹೊರೆಯವರಾಗಿ ಬಾಳಿಕೊಂಡಿದ್ದರು. ಕೆರೆಯ ಪಕ್ಕದ ದಿಣ್ಣೆಯಲ್ಲಿ ಚೂಪಯ್ಯ ಎಂಬ ಮುಳ್ಳುಹಂದಿಯ ಬಿಲ. ಅಂತಿಂಥ ಬಿಲವಲ್ಲ ಅದು. ಅಜ್ಜ ತೋಡಿದ್ದು, ಅಪ್ಪ ಬೆಳೆಸಿದ್ದು, ಚೂಪಯ್ಯ ತಾನೇ ಮಣ್ಣು ಕೆರೆದು ಎರಡು ಕೋಣೆ ಸೇರಿಸಿದ್ದು. ಒಟ್ಟು ಏಳು ಕೋಣೆ. ಎಂಥ ಮಳೆ ಹೊಡೆದರೂ ಒಳಗೆ ಒಂದು ಹನಿ ಇಳಿಯುತ್ತಿರಲಿಲ್ಲ. ಚೂಪಯ್ಯನಿಗೆ ಆ ಬಿಲವೆಂದರೆ ಪ್ರಾಣ. ಅದನ್ನು ಬಿಟ್ಟು ಹೊರಗೆ ಕಾಲಿಡುವುದೇ ಅಪರೂಪವಾಗಿತ್ತು.

ಬೆನ್ನ ಮೇಲೆ ಅಷ್ಟೊಂದು ಲೇಖನಿ ಹೊತ್ತವನು ಓದಿಕೊಂಡವನೇ ಇರಬೇಕು ಎಂದು ಕಾಡಿನವರು ಅವನನ್ನೇ ಪಂಚಾಯಿತಿ ಅಧ್ಯಕ್ಷನನ್ನಾಗಿ ಮಾಡಿದ್ದರು. ಅಧ್ಯಕ್ಷರನ್ನು ಆರಿಸುವುದು ಹೀಗೆಯೇ, ಅದಕ್ಕೆ ನಾನೇನು ಮಾಡಲಿ.

ಆ ವರ್ಷ ಕಸದ ರಗಳೆ ಎದ್ದಿತು. ಆನೆ ಲದ್ದಿ, ಕೊಳೆತ ಹಣ್ಣು, ಕಡಿದ ಎಲುಬು ಎಲ್ಲವೂ ದಾರಿಯಲ್ಲೇ. ಮೂಗು ಮುಚ್ಚಿಕೊಂಡೇ ಪಂಚಾಯಿತಿ ಸೇರಿತು. ಕಾಡಿಗೊಂದು ಹೊಸ ಅಭಿವೃದ್ಧಿ ಯೋಜನೆ ಬೇಕು ಎಂದು ತೀರ್ಮಾನವಾಯಿತು. ಮನೆ ಎಲ್ಲಿ, ಮೇವು ಎಲ್ಲಿ, ತಿಪ್ಪೆ ಎಲ್ಲಿ ಎಂದು ನಕ್ಷೆಯಲ್ಲಿ ಗುರುತಿಸಬೇಕು. ನಕ್ಷೆಯನ್ನು ಮೂವತ್ತು ದಿನ ಅಂಟಿಸಿಡಬೇಕು. ತಕರಾರು ಇದ್ದವರು ಅಷ್ಟರೊಳಗೆ ಹೇಳಬೇಕು. ಆಮೇಲೆ ಹುಲಿಯೇ ಬಂದು ಕೇಳಿದರೂ ಒಂದು ಗೆರೆ ಅಲುಗದು.

"ಸ್ವಾಮಿ, ನಾಳೆ ಕಾಡೆಲ್ಲ ಸುತ್ತಿ ನೋಡ್ಕೊಂಡು ಬರೋಣವಾ?" ಎಂದು ಪಂಚಾಯಿತಿ ಗುಮಾಸ್ತ ಚಿಪ್ಪಣ್ಣ ಕೇಳಿದ. ಚಿಪ್ಪಣ್ಣ ಒಂದು ಮುದಿ ಆಮೆ.

"ನಿನ್ನ ಜೊತೆ ಹೊರಟರೆ ವಾಪಸ್ ಬರೋ ಹೊತ್ತಿಗೆ ನನ್ನ ಮೊಮ್ಮಗ ಅಧ್ಯಕ್ಷ ಆಗಿರ್ತಾನೆ," ಎಂದ ಚೂಪಯ್ಯ. "ನೋಡೋದೇನಿದೆ? ಎಲ್ಲರೂ ಇಲ್ಲಿಗೇ ಬಂದು ಹೇಳಲಿ. ನಾನು ಕೂತಲ್ಲೇ ಬರೀತೀನಿ."

ಮುತ್ತುಗದ ಎಲೆ ಹೊಲಿದು ದೊಡ್ಡ ಹಾಳೆ ಮಾಡಿದರು. ಬಿಲದ ನಡುಕೋಣೆಯಲ್ಲಿ ಹಾಸಿದರೆ ಗೋಡೆಯಿಂದ ಗೋಡೆಗೆ ಅದೇ ಆಯಿತು, ಪಕ್ಕದಲ್ಲಿ ಕೂರಲು ಜಾಗವಿಲ್ಲ. ಚೂಪಯ್ಯ ಹಾಳೆಯ ನಟ್ಟನಡುವೆಯೇ ಕುಕ್ಕರಿಸಿದ. ಮೈಯಿಂದ ಒಂದು ಮುಳ್ಳು ಕಿತ್ತು ನೇರಳೆ ರಸದಲ್ಲಿ ಅದ್ದಿಕೊಂಡ.

"ನಿಮ್ಮ ಮನೆಯಿಂದ ಮೂಡಲಿಗೆ ನೂರು ಹೆಜ್ಜೆ ಹೋದ್ರೆ ನಮ್ಮನೆ," ಎಂದಿತು ಮೊಲ, ಬಾಗಿಲಲ್ಲಿ ನಿಂತು.

"ನಿನ್ನ ಹೆಜ್ಜೆಯೋ, ಆನೆ ಹೆಜ್ಜೆಯೋ?" ಎಂದ ಚಿಪ್ಪಣ್ಣ.

"ಹೆಜ್ಜೆ ಅಂದ್ರೆ ಹೆಜ್ಜೆ, ನೀನು ಸುಮ್ನಿರು," ಎಂದು ಚೂಪಯ್ಯ ತಿರುಗಿ ನೋಡದೆ ಗುರುತು ಹಾಕಿದ.

ಹೀಗೆ ಎಲ್ಲರೂ ಬಂದು ಹೇಳಿ ಹೋದರು. ಮನೆಗಳಿಗೆ ಹಳದಿ ಬಳಿದ, ಮೇವಿಗೆ ಹಸಿರು ಬಳಿದ. ಉಳಿದದ್ದು ತಿಪ್ಪೆ. ಅದು ನಮ್ಮ ಪಕ್ಕ ಬೇಡ ಎಂದು ಹೇಳದವರೇ ಇಲ್ಲ. ಕೆರೆಯ ಅಂಚಿನ ಜೌಗು ಬರೀ ಕೆಸರು, ಅಲ್ಲಿ ಯಾರಿದ್ದಾರೆ ಎಂದುಕೊಂಡು ಚೂಪಯ್ಯ ಅಲ್ಲಿಗೇ ಕರಿಬಣ್ಣ ಬಳಿದ. ನಕ್ಷೆಯ ನಕಲನ್ನು ಪಂಚಾಯಿತಿ ಸೇರುವ ಆಲದ ಮರಕ್ಕೆ ಅಂಟಿಸಿದರು.

ಮರುದಿನ ಬೆಳಿಗ್ಗೆ ಕೆಸರವ್ವ ಎಂಬ ಕಪ್ಪೆ ತನ್ನ ಬಂಧುಬಳಗವನ್ನೆಲ್ಲ ಕಟ್ಟಿಕೊಂಡು ಬಿಲದ ಬಾಗಿಲಿಗೆ ಬಂದಳು.

"ಅಧ್ಯಕ್ಷರೇ, ಅಲ್ಲಿ ನನ್ನ ನಾನೂರು ಮೊಟ್ಟೆ ಇದಾವೆ. ತಿಪ್ಪೆ ಬಿದ್ರೆ ಒಂದೂ ಉಳಿಯಲ್ಲ. ಬಂದು ನೋಡಿ, ಇಪ್ಪತ್ತು ಹೆಜ್ಜೆ ಅಷ್ಟೇ."

"ಕೆಸರವ್ವ, ನಾನು ಕೆಸರಿಗೆ ಕಾಲಿಡೋನಲ್ಲ."

"ಸರಿ, ನಾವೇ ಇಲ್ಲಿ ಕೂರ್ತೀವಿ ಬಿಡಿ."

ನಾಲ್ಕು ದಿನ ಕಪ್ಪೆಗಳು ಬಾಗಿಲಲ್ಲಿ ಕೂತು ವಟಗುಟ್ಟಿದವು. ಏಳು ಕೋಣೆಯಲ್ಲಿ ಎಲ್ಲಿ ಮಲಗಿದರೂ ಅದೇ ಸದ್ದು. ಐದನೆಯ ದಿನ ತಲೆ ಚಿಟ್ಟು ಹಿಡಿದು ಚೂಪಯ್ಯ, "ಬೇರೆ ಜಾಗ ಹುಡುಕ್ತೀನಿ, ಹೊರಡಿ ಮಾರಾಯ್ತಿ," ಎಂದ.

ಮತ್ತೆ ನಕ್ಷೆ ಹಾಸಿ, ಈ ಸಲ ಗೋಡೆಗೆ ಒರಗಿ ನಿಂತು ನೋಡಿದ. ನಡುವೆ, ಸರಿಯಾಗಿ ಒಂದು ಮುಳ್ಳುಹಂದಿಯ ಕುಂಡೆಯಷ್ಟಗಲ, ಬಣ್ಣವೇ ಹತ್ತದ ಒಂದು ದುಂಡನೆಯ ಜಾಗ ಕಾಣಿಸಿತು.

"ಚಿಪ್ಪಣ್ಣ, ಇಲ್ನೋಡು. ಹಳದಿ ಇಲ್ಲ, ಹಸಿರಿಲ್ಲ. ಕೆರೆಗೂ ಹತ್ತಿರ, ಎಲ್ಲ ದಾರಿಗೂ ಹತ್ತಿರ. ಇಷ್ಟು ಒಳ್ಳೆ ಜಾಗ ಖಾಲಿ ಬಿದ್ದಿದ್ರೂ ಒಬ್ಬರ ಕಣ್ಣಿಗೂ ಬಿದ್ದಿಲ್ಲವಲ್ಲ."

"ಸ್ವಾಮಿ, ಬರೆಯೋಕೆ ಮುಂಚೆ ಒಂದೇ ಒಂದು ಸಲ ಹೋಗಿ ನೋಡಿ..."

"ಮತ್ತೆ ಶುರು ಮಾಡಿದೆಯಾ?"

ಚಿಪ್ಪಣ್ಣ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ. ಒಳಗೆ ಅವನು ನಕ್ಕನೋ ಅತ್ತನೋ ಯಾರಿಗೂ ತಿಳಿಯಲಿಲ್ಲ.

ಚೂಪಯ್ಯ ಜೌಗಿನ ಕರಿಬಣ್ಣ ಕೆರೆದು ತೆಗೆದು ಆ ದುಂಡು ಜಾಗಕ್ಕೆ ಬಳಿದ. ಆದರೆ ಮತ್ತೆ ಆಲದ ಮರಕ್ಕೆ ಅಂಟಿಸಿದರೆ ಮತ್ತೆ ಯಾರೋ ಬಂದು ಬಾಗಿಲಲ್ಲಿ ಕೂರುತ್ತಾರೆ. ಅವನು ನಿಯಮವನ್ನು ಎರಡು ಸಲ ಓದಿದ. ಮೂವತ್ತು ದಿನ ಅಂಟಿಸಬೇಕು ಎಂದಿತ್ತು, ಎಲ್ಲಿ ಎಂದು ಇರಲಿಲ್ಲ. ಚೂಪಯ್ಯ ಮೀಸೆಯಲ್ಲೇ ನಕ್ಕು, ಹೊಸ ನಕ್ಷೆಯ ನಕಲನ್ನು ತನ್ನ ಏಳನೆಯ ಕೋಣೆಯಲ್ಲಿ, ಹಾಸಿಗೆಯ ಎದುರು ಗೋಡೆಗೆ ಅಂಟಿಸಿದ. ಮುಳ್ಳುಹಂದಿಯ ಮಲಗುವ ಕೋಣೆಗೆ ಯಾರು ತಾನೇ ನುಗ್ಗುತ್ತಾರೆ?

ಮೂವತ್ತು ದಿನ ಅದನ್ನೇ ನೋಡುತ್ತ ಮಲಗಿದ, ಅದನ್ನೇ ನೋಡುತ್ತ ಎದ್ದ. ಒಂದೂ ತಕರಾರು ಬರಲಿಲ್ಲ. ಮೂವತ್ತೊಂದನೆಯ ದಿನ ನಕ್ಷೆಗೆ ಪಂಚಾಯಿತಿ ಮುದ್ರೆ ಬಿತ್ತು. ಕಸ ಸಾಗಿಸುವ ಕೆಲಸ ಆನೆಗಳದ್ದು, ಅವರಿಗೆ ನಕ್ಷೆಯ ಸಮೇತ ಹುಕುಂ ಹೋಯಿತು.

ಮರುದಿನ ಬೆಳಿಗ್ಗೆ ಚೂಪಯ್ಯ ಗೆಡ್ಡೆ ತಿನ್ನುತ್ತಿದ್ದಾಗ ತಲೆಯ ಮೇಲೆ ದೊಪ್ಪೆಂದಿತು. ಚಾವಣಿಯಿಂದ ಮಣ್ಣು ಉದುರಿತು. ಹೊರಗೆ ಓಡಿ ಬಂದರೆ ಆನೆ ದೊಡ್ಡಕ್ಕ ಸೊಂಡಿಲ ತುಂಬ ಲದ್ದಿ ಹಿಡಿದು ನಿಂತಿದ್ದಾಳೆ.

"ದೊಡ್ಡಕ್ಕ, ನಿನಗೇನು ಕಣ್ಣು ಕಾಣಲ್ವಾ? ಇದು ನನ್ನ ಮನೆ."

"ನಕ್ಷೇಲಿ ಮನೆ ಇಲ್ವಲ್ಲ ಅಧ್ಯಕ್ಷರೇ. ಮೊಲದ ಮನೆಯಿಂದ ಅಳೆದೆ, ಜೌಗಿನಿಂದ ಅಳೆದೆ, ಕರಿಬಣ್ಣ ಇಲ್ಲಿಗೇ ಬರುತ್ತೆ. ಸ್ವಲ್ಪ ಸರೀರಿ, ಹಿಂದೆ ಇನ್ನೂ ಹನ್ನೊಂದು ಜನ ಕಾಯ್ತಿದಾರೆ."

ಚೂಪಯ್ಯ ಒಳಗೆ ಓಡಿ ಗೋಡೆಯ ನಕ್ಷೆಯನ್ನು ದಿಟ್ಟಿಸಿದ. ಮೊಲದಿಂದ ಇತ್ತ ನೂರು ಹೆಜ್ಜೆ. ಕೆಸರವ್ವನಿಂದ ಇತ್ತ ಇಪ್ಪತ್ತು. ಎಲ್ಲ ಹೆಜ್ಜೆಗಳೂ ಬಂದು ಸೇರುವುದು ಆ ದುಂಡು ಕಪ್ಪಿಗೇ. ಕಾಡಿನವರ ಮನೆಯನ್ನೆಲ್ಲ ಬರೆದಿದ್ದ, ತನ್ನದನ್ನು ಬರೆದಿರಲಿಲ್ಲ. ಅದರ ಮೇಲೆ ಕೂತಿದ್ದ. ಅಜ್ಜನ ಕೋಣೆ, ಅಪ್ಪನ ಕೋಣೆ ಎಂದು ನೆನೆದು ಅವನಿಗೆ ಅಳುವೇ ಬಂತು.

ಏದುಸಿರು ಬಿಡುತ್ತ ಆಲದ ಮರದಡಿಗೆ ಓಡಿದ. "ಚಿಪ್ಪಣ್ಣ, ತಕರಾರು ಬರ್ಕೋ."

"ಮೂವತ್ತು ದಿನ ಮುಗೀತಲ್ಲ ಸ್ವಾಮಿ."

"ನನಗೆ ಗೊತ್ತೇ ಇರಲಿಲ್ಲ, ನೋಟೀಸು ನೋಡೇ ಇಲ್ಲ ಅಂತ ಬರಿ."

ಚಿಪ್ಪಣ್ಣ ನಿಧಾನವಾಗಿ ಕತ್ತು ಹೊರಗೆ ಚಾಚಿದ. "ಬೇರೆ ಯಾರು ಹಾಗಂದ್ರೂ ಬರ್ಕೋತಿದ್ದೆ. ಮೊಲ ಹೇಳಬಹುದಿತ್ತು, ಹಂದಿ ಹೇಳಬಹುದಿತ್ತು. ಈ ಕಾಡಲ್ಲಿ ಆ ನೋಟೀಸು ನೋಡಿರೋರು ನೀವೊಬ್ಬರೇ."

ಸಂಜೆಯೊಳಗೆ ಏಳು ಕೋಣೆಯೂ ಮುಚ್ಚಿಹೋಯಿತು. ಚೂಪಯ್ಯ ಮುಳ್ಳು ಮುದುರಿಕೊಂಡು ಜೌಗಿನ ಅಂಚಿಗೆ ಬಂದು ನಿಂತ. ಕೆಸರವ್ವನ ಮೊಟ್ಟೆಗಳೆಲ್ಲ ಒಡೆದು, ನೀರಿನ ತುಂಬ ಮರಿಗಳು ಬಾಲ ಆಡಿಸುತ್ತಿದ್ದವು.

"ಕೆಸರವ್ವ, ಆ ಕಡೆ ದಡದಲ್ಲಿ ಒಣ ಜಾಗ ಏನಾದ್ರೂ ಖಾಲಿ ಇದೆಯಾ?" ಎಂದು ಮೆಲ್ಲಗೆ ಕೇಳಿದ.

"ನಾನು ಹೇಳಿದ್ರೆ ಹೇಗಾಗುತ್ತೆ ಅಧ್ಯಕ್ಷರೇ? ಬಂದು ನೋಡಿ. ಇಪ್ಪತ್ತು ಹೆಜ್ಜೆ ಅಷ್ಟೇ."

ಚೂಪಯ್ಯ ತನ್ನ ನಾಲ್ಕು ಕಾಲನ್ನೂ ಒಂದು ಸಲ ನೋಡಿಕೊಂಡ. ಆಮೇಲೆ ಕೆಸರಿಗೆ ಕಾಲಿಟ್ಟ.

ನೀತಿ: ಎದ್ದು ಹೋಗಿ ನೋಡದ ಜಾಗವನ್ನು ಖಾಲಿ ಎಂದು ಬರೆಯಬೇಡಿ, ಅದು ನೀವು ಕೂತ ಜಾಗವೇ ಇರಬಹುದು.