ಅಕ್ಷತೆ ಹಿಡಿದು ಹೊರಟ ಪರಮಶಿವಯ್ಯ

ತಿಪಟೂರಿನ ಒಬ್ಬ ಗುಮಾಸ್ತನ ಮಗಳು ವಾರಿಜೆಗೆ ಒಂದೇ ಆಸೆ. ಮದುವೆ ತಮ್ಮ ನಡುಮನೆಯಲ್ಲೇ ಆಗಬೇಕು, ನಲವತ್ತೇ ಜನ ಇರಬೇಕು. ಗಂಡಿನವರೂ ಒಪ್ಪಿದರು. ಒಪ್ಪದವರು ಗುಮಾಸ್ತನ ಅಣ್ಣ ಪರಮಶಿವಯ್ಯ ಒಬ್ಬರೇ.

"ನಲವತ್ತು ಜನ ಸೇರಿದರೆ ಅದು ಮದುವೆಯೇನೋ, ತಿಥಿಯೋ? ನಮ್ಮವರು ಇನ್ನೂರು ಮನೆ ಇದ್ದಾರೆ. ಎಲ್ಲರಿಗೂ ಕರೆ ಹೋಗಬೇಕು. ಇಲ್ಲವಾದರೆ ನಾನು ಧಾರೆಗೆ ಬರುವುದಿಲ್ಲ!"

ದೊಡ್ಡಪ್ಪನೇ ಬಾರದಿದ್ದರೆ ಬೀಗರು ಏನಂದಾರು? ವಾರಿಜೆಯ ಕಣ್ಣು ತುಂಬಿತು. ಗುಮಾಸ್ತ ಒಳಗೆ ಹೋಗಿ ಕುಂಕುಮದ ಭರಣಿ, ಅಕ್ಷತೆಯ ಬಟ್ಟಲು ತಂದು ಅಣ್ಣನ ಕೈಗಿಟ್ಟ.

"ಆಗಲಿ ಅಣ್ಣಯ್ಯ. ಅಂಚೆಯಲ್ಲಿ ಕರೆದರೆ ಅವಮಾನ, ಮನೆಯ ಹಿರಿಯರೇ ಹೋಗಿ ಅಕ್ಷತೆ ಕೊಡಬೇಕು ಅಂತ ಕಲಿಸಿದವರು ನೀವೇ. ಹಿರಿಯರೂ ನೀವೇ. ಇವತ್ತು ದಿನ ಚೆನ್ನಾಗಿದೆ, ಹೊರಡಿ."

ಪರಮಶಿವಯ್ಯ ಜರಿ ಶಲ್ಯ ಹೊದ್ದು ಹೊರಟರು. ಮೊದಲ ಮನೆಯವರು, "ನಿಮ್ಮ ಮಗನ ಮದುವೆಗೆ ನಮ್ಮನ್ನು ಕರೆಯಲೇ ಇಲ್ಲವಲ್ಲ?" ಎಂದರು. ಎರಡನೆಯ ಮನೆಯ ಅಜ್ಜಿ, "ಇಪ್ಪತ್ತು ವರ್ಷ ಹೊಸ್ತಿಲು ತುಳಿಯದವನು ಈಗ ಬಂದೆಯಾ? ಕೂತ್ಕೋ" ಎಂದು ಕೂರಿಸಿಕೊಂಡು ಎರಡು ಗಂಟೆ ಬೈದಳು. ಮೂರನೆಯ ಮನೆಯವರು ಬಾಗಿಲು ತೆರೆದು, "ತಾವು ಯಾರು?" ಎಂದು ಕೇಳಿದರು.

ಮಧ್ಯಾಹ್ನದೊಳಗೇ ಬಟ್ಟಲು ವಾಪಸ್ಸು ಬಂತು.

"ನಲವತ್ತೇ ಸಾಕು ಕಣೋ. ಕಂಡಕಂಡವರನ್ನೆಲ್ಲ ಕರೆಯುವ ಮನೆತನವಲ್ಲ ನಮ್ಮದು."

ಮದುವೆಯ ದಿನ ಅವರು ಬೀಗರ ಮುಂದೆ ಎದೆಯುಬ್ಬಿಸಿ ಹೇಳಿದರು: "ಚಿಕ್ಕದಾಗಿ ಮಾಡಿ ಅಂತ ಹಠ ಹಿಡಿದವನೇ ನಾನು!"

ಗುಮಾಸ್ತ ಅಣ್ಣನ ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಬಡಿಸಿದ.

"ಹಿರಿಯರ ಮಾತು ಮೀರುವುದುಂಟೇ, ಅಣ್ಣಯ್ಯ?"